ಡಬ್ಬಿ ಬಿಸ್ಕಿಟ್ಟು, ಬಾಫಾತ್ ಪುಡಿ, ಕ್ಯಾನ್ಸಸ್ಸಿನ ಬೀಫು

ಇಲ್ಲಿನ ಯಾವ ಸೂಪರ್ ಮಾರ್ಕೆಟ್ಟಿಗೆ ಹೋದರೂ ಹಾಲು-ಬೆಣ್ಣೆ ಇಡುವ ಫ್ರಿಜ್ಜಿನ ಪಕ್ಕದಲ್ಲಿ ಗಟ್ಟಿ ರಟ್ಟಿನ ಉದ್ದನೆಯ ಡಬ್ಬಿಗಳ ಸಾಲು ಕಾಣಿಸುತ್ತದೆ. ಒಳಗೆ ಇರುವುದು ಹಸಿ ಹಿಟ್ಟು. ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಒಂದರ ಮೇಲೊಂದು ಒತ್ತಿ ತುಂಬಿರುತ್ತಾರೆ. ಅಮೆರಿಕದವರಿಗೆ ಬಿಸ್ಕಿಟ್ ಅಂದರೆ ಇದು. ಚಹಾಕ್ಕೆ ಅದ್ದುವ ಪೈಕಿಯದ್ದಲ್ಲ, ಬೇಯಿಸಿದ ಮೇಲೆ ಉಬ್ಬಿ ಮೆತ್ತಗಾಗುವ ಪುಟ್ಟ ಬನ್ನು. ಯೀಸ್ಟ್ ಹಾಕುವುದಿಲ್ಲ, ಬೇಕಿಂಗ್ ಪೌಡರಿನ ಬಲದಲ್ಲೇ ಏಳುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಬೆಳಿಗ್ಗೆ ಇದನ್ನು ಸೀಳಿ ಮೇಲೆ ಬಿಳಿ ಗ್ರೇವಿ ಸುರಿದು ತಿನ್ನುತ್ತಾರೆ.

ಈ ಹಸಿ ಬಿಲ್ಲೆಯನ್ನು ಅಗಲ ಮಾಡಿ, ನಡುವೆ ಬೀಫ್ ಕೈಮಾ, ಒಂದು ತುಂಡು ಚೀಸ್ ಇಟ್ಟು, ಬಾಯಿ ಮುಚ್ಚಿ ಓವನ್ನಿಗೆ ಹಾಕಿದರೆ ಎರಡು ತುತ್ತಿನಲ್ಲಿ ಮುಗಿಯುವ ತಿಂಡಿ ರೆಡಿ. ಸೂಪರ್ ಬೌಲ್ ಫುಟ್ಬಾಲ್ ಪಂದ್ಯ ನೋಡಲು ಸೇರಿದಾಗ, ಮಕ್ಕಳ ಹುಟ್ಟುಹಬ್ಬದಲ್ಲಿ, ಆಫೀಸಿನಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಂಡು ತಿನ್ನುವ ಪಾಟ್‌ಲಕ್‌ನಲ್ಲಿ ಇದು ಇದ್ದೇ ಇರುತ್ತದೆ. ನಾನು ಕ್ಯಾನ್ಸಸ್ ರಾಜ್ಯದ ವಿಚಿಟಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ನೈಟ್ ಡ್ಯೂಟಿಯವರ ಪಾಟ್‌ಲಕ್ ಅಂದರೆ ಬೆಳಗಿನ ಜಾವ ಮೂರು ಗಂಟೆಗೆ ಬ್ರೇಕ್ ರೂಮಿನಲ್ಲಿ ನಿಂತುಕೊಂಡು ತಿನ್ನುವ ಊಟ. ಅಲ್ಲಿ ಚಮಚ, ತಟ್ಟೆ ಬೇಡದ ತಿಂಡಿಗೆ ಭಾರೀ ಬೇಡಿಕೆ. ನಾನು ಮಾಡುವುದು ಗೊತ್ತಾದ ಮೇಲೆ ಸೈನ್-ಅಪ್ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಬೇರೆ ಯಾರೋ ಮೊದಲೇ ಇದನ್ನು ಬರೆದಿಟ್ಟಿರುತ್ತಾರೆ.

ನಮ್ಮದು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಮನೆ. ಬೀಫ್ ನಮಗೆ ಹೊಸದಲ್ಲ. ಭಾನುವಾರ ಪೂಜೆ ಮುಗಿಸಿ ಬರುವಾಗ ಅಪ್ಪ ಕಂಕನಾಡಿ ಮಾರ್ಕೆಟ್ಟಿಗೆ ಹೋಗಿ ತರುತ್ತಿದ್ದರು. ಅಮ್ಮ ಬಾಫಾತ್ ಅನ್ನುವ ಮಸಾಲೆ ಪುಡಿ ಹಾಕಿ ಸುಕ್ಕ ಮಾಡುತ್ತಿದ್ದಳು. ತಿನ್ನದವರು ಇಲ್ಲಿಗೇ ಬಿಟ್ಟು ಬೇರೆ ಪೋಸ್ಟ್‌ಗೆ ಹೋಗಬಹುದು, ಖಂಡಿತ ಬೇಜಾರಿಲ್ಲ. ಕೋಳಿ ಕೈಮಾದಲ್ಲೂ ಇದೇ ಕ್ರಮ ನಡೆಯುತ್ತದೆ, ಆದರೆ ಅದರ ಬಗ್ಗೆ ಇವತ್ತು ಬರೆಯುತ್ತಿಲ್ಲ.

ಇಂಟರ್ನೆಟ್ಟಿನಲ್ಲಿ ಇದರ ರೆಸಿಪಿ ಸಾವಿರ ಇವೆ. ಬಹುತೇಕ ಎಲ್ಲದರಲ್ಲೂ ಹಿಟ್ಟನ್ನು ಹೇಗೆ ಮಡಚಬೇಕು, ಮೇಲೆ ಎಷ್ಟು ಬೆಣ್ಣೆ ಸವರಬೇಕು, ಚೀಸನ್ನು ಎಳೆದು ಫೋಟೋ ಹೇಗೆ ತೆಗೆಯಬೇಕು ಅನ್ನುವುದೇ ಜಾಸ್ತಿ. ಕೈಮಾಕ್ಕೆ ಮಾತ್ರ ಒಂದೇ ಸಾಲು: "ಬೀಫ್ ಕಂದು ಬಣ್ಣಕ್ಕೆ ಬರುವವರೆಗೆ ಹುರಿಯಿರಿ." ನನ್ನ ಪ್ರಕಾರ ಇದು ತಲೆಕೆಳಗು. ಹಿಟ್ಟನ್ನು ಅಂಗಡಿಯವರಿಗೆ ಬಿಟ್ಟುಬಿಡಿ. ನಿಮ್ಮ ಸಮಯವೆಲ್ಲ ಕೈಮಾಕ್ಕೆ ಕೊಡಿ.

ಡಬ್ಬಿ ಹಿಟ್ಟು ಅಂದರೆ ನಮ್ಮವರಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ, ಸೋಮಾರಿಗಳ ಕೆಲಸ ಅಂತ. ಆದರೆ ಅದರ ಹಿಂದೆ ಒಬ್ಬ ಮನುಷ್ಯನ ಪಟ್ಟು ಇದೆ. ಕೆಂಟಕಿಯ ಲೂಯಿವಿಲ್ ಊರಿನ ಲೈವ್ಲಿ ವಿಲ್ಲೋಬಿ ಅನ್ನುವ ಬೇಕರಿಯವರು ಹಸಿ ಬಿಸ್ಕಿಟ್ ಹಿಟ್ಟನ್ನು ರಟ್ಟಿನ ಕೊಳವೆಗೆ ತುಂಬಿ ತಣ್ಣಗಿಟ್ಟು ಮಾರುವ ದಾರಿ ಕಂಡುಹಿಡಿದರು. 1931ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ಊರಿನ ಬ್ಯಾಲರ್ಡ್ ಅಂಡ್ ಬ್ಯಾಲರ್ಡ್ ಅನ್ನುವ ಹಿಟ್ಟಿನ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. 1951ರಲ್ಲಿ ಆ ಕಂಪನಿಯನ್ನು ಪಿಲ್ಸ್‌ಬರಿ ಕೊಂಡುಕೊಂಡಿತು. ಬಿಳಿ ಟೋಪಿ ಹಾಕಿಕೊಂಡು, ಹೊಟ್ಟೆ ಒತ್ತಿದರೆ ನಗುವ ಹಿಟ್ಟಿನ ಗೊಂಬೆ ಜಾಹೀರಾತಿಗೆ ಬಂದದ್ದು 1965ರಲ್ಲಿ. ಡಬ್ಬಿ ಬಿಚ್ಚುವಾಗ ಟಪ್ ಅಂತ ಸಿಡಿಯುತ್ತದಲ್ಲ, ಅದು ಬೇಕಿಂಗ್ ಪೌಡರಿನ ಕರಾಮತ್ತು. ಫ್ರಿಜ್ಜಿನ ತಂಪಿನಲ್ಲೂ ಅದು ನಿಧಾನವಾಗಿ ಗಾಳಿ ಬಿಡುತ್ತಾ ಇರುತ್ತದೆ, ಒಳಗೆ ಒತ್ತಡ ಕೂಡುತ್ತದೆ. ಸುತ್ತಿನ ಕಾಗದ ಸುಲಿದು, ರಟ್ಟಿನ ಹೊಲಿಗೆಯ ಮೇಲೆ ಚಮಚದ ಬೆನ್ನಿನಿಂದ ಒತ್ತಬೇಕು. ನನ್ನ ಮಗ ಈಗಲೂ ಕಿವಿ ಮುಚ್ಚಿಕೊಂಡೇ ಒತ್ತುತ್ತಾನೆ. ಆದರೆ ಆ ಕೆಲಸ ಮಾತ್ರ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ.

ಡಬ್ಬಿಯಲ್ಲೂ ಜಾತಿ ಇದೆ. ದೊಡ್ಡ ಡಬ್ಬಿಯಲ್ಲಿ 8 ದೊಡ್ಡ ಬಿಸ್ಕಿಟ್. ಚಿಕ್ಕದರಲ್ಲಿ 10 ಪುಟ್ಟವು, ಒಟ್ಟು ತೂಕ 7.5 ಔನ್ಸ್, ಅಂದರೆ ಒಂದೊಂದು ಸುಮಾರು 21 ಗ್ರಾಂ. ನನಗೆ ಬೇಕಾದದ್ದು ಈ ಚಿಕ್ಕದು. ನಾಲ್ಕು ಡಬ್ಬಿ ಒಟ್ಟಿಗೆ ಕಟ್ಟಿ ಅಗ್ಗಕ್ಕೆ ಮಾರುತ್ತಾರೆ. ಪದರು ಪದರಾಗಿ ಬಿಚ್ಚುವ 'ಫ್ಲೇಕಿ' ಹಿಟ್ಟನ್ನು ಇದಕ್ಕೆ ನಾನು ತೆಗೆದುಕೊಳ್ಳುವುದಿಲ್ಲ. ತಿನ್ನಲು ಅದೇ ಹೆಚ್ಚು ರುಚಿ, ಒಪ್ಪುತ್ತೇನೆ. ಆದರೆ ಪದರಿನ ಸಂದಿಯಲ್ಲಿ ಚೀಸ್ ದಾರಿ ಮಾಡಿಕೊಂಡು ಹೊರಗೆ ಬರುತ್ತದೆ. 'ಬಟರ್‌ಮಿಲ್ಕ್' ಅಥವಾ 'ಹೋಮ್‌ಸ್ಟೈಲ್' ಅಂತ ಬರೆದದ್ದು ಒಂದೇ ಮುದ್ದೆಯ ಹಿಟ್ಟು, ಚೆನ್ನಾಗಿ ಅಂಟಿಕೊಳ್ಳುತ್ತದೆ.

ಮನೆಯಲ್ಲೇ ಹಿಟ್ಟು ಕಲಸಬಾರದೇ ಅಂತ ಕೇಳಬಹುದು. ಕಲಸಬಹುದು. ಆದರೆ ಕ್ಯಾನ್ಸಸ್ಸಿನಲ್ಲಿ ಕೂತು ಇದಕ್ಕೆ ಹಿಟ್ಟು ಹುಡುಕುವುದು ಒಂಥರಾ ತಮಾಷೆ. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಗೋಧಿ ಹೊಲ. ಆದರೆ ಇಲ್ಲಿ ಬೆಳೆಯುವುದು ಬ್ರೆಡ್ಡಿಗೆ ಹೇಳಿಮಾಡಿಸಿದ ಗಟ್ಟಿ ಕೆಂಪು ಗೋಧಿ. 1874ರ ಸುಮಾರಿಗೆ ರಷ್ಯಾದಿಂದ ಬಂದ ಮೆನ್ನೊನೈಟ್ ಅನ್ನುವ ಕ್ರಿಶ್ಚಿಯನ್ ಪಂಗಡದ ರೈತರು ಜೊತೆಗೆ ತಂದ 'ಟರ್ಕಿ ರೆಡ್' ತಳಿಯಿಂದ ಈ ಭಾಗದ ಗೋಧಿ ಬೇಸಾಯವೇ ಬದಲಾಯಿತು. ಅದರ ಹಿಟ್ಟಿನಲ್ಲಿ ಪ್ರೋಟೀನ್ ಜಾಸ್ತಿ. ನಾದಿದರೆ ಎಳೆದಷ್ಟೂ ಬರುತ್ತದೆ, ಬಿಸ್ಕಿಟ್ ಮಾಡಿದರೆ ಗಡುಸಾಗುತ್ತದೆ. ಬಿಸ್ಕಿಟ್ಟಿಗೆ ಬೇಕಾದದ್ದು ದಕ್ಷಿಣದ ಮೃದು ಗೋಧಿಯ ಹಿಟ್ಟು. ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ 1883ರಲ್ಲಿ ಶುರುವಾದ ವೈಟ್ ಲಿಲಿ ಹಿಟ್ಟಿಗೆ ಅಲ್ಲಿನ ಅಜ್ಜಿಯಂದಿರು ಪ್ರಾಣ ಬಿಡುವುದು ಇದಕ್ಕೇ. ಬರೇ ಬಿಸ್ಕಿಟ್ ತಿನ್ನುವ ದಿನ ನಾನೂ ಕಲಸುತ್ತೇನೆ. ಒಳಗೆ ಖಾರದ ಕೈಮಾ ತುಂಬುವ ದಿನ ಹಿಟ್ಟಿನ ಸೂಕ್ಷ್ಮ ರುಚಿ ಯಾರ ನಾಲಿಗೆಗೂ ಸಿಗುವುದಿಲ್ಲ. ಸುಮ್ನೆ ಯಾಕೆ ಕೈ ನೋಯಿಸಿಕೊಳ್ಳುವುದು?

ಈಗ ಕೈಮಾ. ಎರಡು ಚಿಕ್ಕ ಡಬ್ಬಿಗೆ, ಅಂದರೆ 20 ಉಂಡೆಗೆ ಒಂದು ಪೌಂಡ್ ಬೀಫ್ ಸಾಕು. ಪ್ಯಾಕೆಟ್ ಮೇಲೆ 80/20, 85/15, 93/7 ಅಂತ ಬರೆದಿರುತ್ತಾರೆ. ಮೊದಲನೆಯದು ಮಾಂಸ, ಎರಡನೆಯದು ಕೊಬ್ಬು. ನಾನು ತರುವುದು 85/15. 80/20 ಬರ್ಗರಿಗೆ ಒಳ್ಳೆಯದು, ಕೊಬ್ಬು ಸೋರಿದರೂ ಅಲ್ಲಿ ಪರವಾಗಿಲ್ಲ. 93/7 ಹುರಿದರೆ ಮರಳು ಮರಳಾಗುತ್ತದೆ. ಬೆಲೆ ಮಾತ್ರ ಈಗೀಗ ಕೈಗೆ ಸಿಗುತ್ತಿಲ್ಲ. 2025ರಲ್ಲಿ ದೇಶದ ಸರಾಸರಿಯೇ ಪೌಂಡಿಗೆ 6 ಡಾಲರ್ ದಾಟಿತು. ವರ್ಷಗಟ್ಟಲೆ ಬರ ಬಂದು, ಹುಲ್ಲಿಲ್ಲದೆ ರೈತರು ದನ ಮಾರಿದ್ದರಿಂದ ಆ ವರ್ಷದ ಶುರುವಿನಲ್ಲಿ ಅಮೆರಿಕದ ದನಗಳ ಸಂಖ್ಯೆ 1951ರ ನಂತರದಲ್ಲೇ ಅತಿ ಕಡಿಮೆ ಇತ್ತು. ಅದಕ್ಕೇ ಒಂದು ಪೌಂಡನ್ನು 20 ಜನಕ್ಕೆ ಹಂಚುವ ಈ ತಿಂಡಿ ಈಗ ಇನ್ನೂ ಇಷ್ಟವಾಗುತ್ತದೆ.

ಅಗಲವಾದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಬೇಕು. ಎಣ್ಣೆ ಹಾಕಬೇಡಿ. ಬೀಫನ್ನು ಒಂದೇ ದಪ್ಪ ರೊಟ್ಟಿಯಂತೆ ಹರಡಿ, ಕೈ ಕಟ್ಟಿ ನಿಲ್ಲಿ. ಕಷ್ಟ ಇರುವುದೇ ಇಲ್ಲಿ, ಎಲ್ಲರ ಕೈಯೂ ಸೌಟಿನ ಕಡೆಗೇ ಹೋಗುತ್ತದೆ. ಬೇಗ ಕೆದಕಿದರೆ ಮಾಂಸ ನೀರು ಬಿಟ್ಟು, ಆ ನೀರಿನಲ್ಲೇ ಬೆಂದು ಬೂದಿ ಬಣ್ಣಕ್ಕೆ ತಿರುಗುತ್ತದೆ. ನಾಲ್ಕೈದು ನಿಮಿಷ ಬಿಟ್ಟರೆ ಅಡಿ ಕಂದು ಬಣ್ಣಕ್ಕೆ ಬಂದು, ಸುಟ್ಟ ಮಾಂಸದ ಪರಿಮಳ ಏಳುತ್ತದೆ. ಮೊದಲು ಚೊರ್ ಅನ್ನುವ ಸದ್ದು, ಆಮೇಲೆ ಅದು ಚಟಚಟ ಆಗುತ್ತದೆ. ಚಟಚಟ ಅಂದರೆ ನೀರು ಹೋಯಿತು, ಈಗ ಕೊಬ್ಬಿನಲ್ಲಿ ಹುರಿಯುತ್ತಿದೆ ಅಂತ. ಆಗ ಮಗುಚಿ ಹಾಕಿ, ಸೌಟಿನ ಅಂಚಿನಿಂದ ಕುಟ್ಟಿ ಕುಟ್ಟಿ ಪುಡಿ ಮಾಡಬೇಕು. ಹೆಸರುಕಾಳಿಗಿಂತ ದೊಡ್ಡ ಗಂಟು ಉಳಿಯಬಾರದು. ಗಂಟಿದ್ದರೆ ತೆಳ್ಳಗಿನ ಹಿಟ್ಟು ಅಲ್ಲೇ ಹರಿಯುತ್ತದೆ.

ಬಾಣಲೆ ಓರೆ ಮಾಡಿ ಕೊಬ್ಬನ್ನೆಲ್ಲ ಒಂದು ಕಡೆಗೆ ಇಳಿಸಿ ತೆಗೆಯಿರಿ. ಒಂದು ಚಮಚದಷ್ಟು ಮಾತ್ರ ಉಳಿಯಲಿ. ಅದರಲ್ಲೇ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಜಜ್ಜಿದ ಐದಾರು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಎರಡು ಹಸಿಮೆಣಸು. ಈರುಳ್ಳಿಯ ನೀರೂ ಪೂರ್ತಿ ಆರಬೇಕು. ಮೇಲೆ ಎರಡು ಟೀ ಚಮಚ ಬಾಫಾತ್ ಪುಡಿ, ಉಪ್ಪು. ಬಾಫಾತ್ ಪುಡಿ ಅಂದರೆ ನಮ್ಮ ಮನೆಗಳ ಮಸಾಲೆ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ, ಲವಂಗ, ಚೆಕ್ಕೆ, ಸ್ವಲ್ಪ ಸಾಸಿವೆ. ಮನೆಯಿಂದ ಮನೆಗೆ ಅಳತೆ ಬೇರೆ, ಪ್ರತಿ ಮನೆಯವರಿಗೂ ತಮ್ಮದೇ ಸರಿ. ನನಗೆ ಅಕ್ಕ ಮಾಡಿ ಕಳಿಸುತ್ತಾಳೆ. ಇಲ್ಲದವರು ಮೆಣಸಿನ ಪುಡಿ, ಕೊತ್ತಂಬರಿ ಪುಡಿ, ಕಾಳುಮೆಣಸಿನ ಪುಡಿ, ಚಿಟಿಕೆ ಗರಂ ಮಸಾಲ ಹಾಕಿದರೂ ಆಗುತ್ತದೆ. ಇಲ್ಲಿಯವರು ಹಾಕುವ ಟ್ಯಾಕೋ ಮಸಾಲೆ ಪ್ಯಾಕೆಟ್ ಬೇಡ. ಅದರಲ್ಲಿ ಉಪ್ಪೇ ಜಾಸ್ತಿ, ಚೀಸಿನ ಉಪ್ಪೂ ಸೇರಿ ನಾಲಿಗೆ ಕಿತ್ತು ಹೋಗುತ್ತದೆ.

ಕೊನೆಗೆ ಒಂದು ಚಮಚ ವಿನೆಗರ್. ಇದನ್ನು ಬಿಡಲೇಬೇಡಿ. ಚೀಸು, ಬೆಣ್ಣೆ, ಹಿಟ್ಟು, ಕೊಬ್ಬು ಎಲ್ಲ ಒಟ್ಟಿಗೆ ಸೇರಿದಾಗ ಎರಡನೇ ಉಂಡೆಗೇ ಸಾಕೆನಿಸುತ್ತದೆ. ಹುಳಿ ಇದ್ದರೆ ನಾಲ್ಕನೆಯದಕ್ಕೂ ಕೈ ಹೋಗುತ್ತದೆ. ಮಂಗಳೂರಿನ ಅಡುಗೆಯಲ್ಲಿ ಮಾಂಸಕ್ಕೆ ವಿನೆಗರ್ ಹಾಕುವುದು ಸುಮ್ಮನೆ ಅಲ್ಲ ಅಂತ ನನಗೆ ಅನ್ನಿಸಿದ್ದು ಇಲ್ಲಿಗೆ ಬಂದು ಈ ಚೀಸಿನ ರಾಶಿ ನೋಡಿದ ಮೇಲೆಯೇ.

ವಿನೆಗರ್ ಆರಿದ ಮೇಲೆ ಒಂದೂವರೆ ಚಮಚ ರಸ್ಕ್ ಪುಡಿ ಹಾಕಿ ಕಲಸಿ. ಅದು ಉಳಿದ ಜಿಡ್ಡನ್ನು ಹೀರಿ ಕೈಮಾವನ್ನು ಹಿಡಿದು ನಿಲ್ಲಿಸುತ್ತದೆ. ಬಾಣಲೆಯಲ್ಲಿ ಸೌಟಿನಿಂದ ಒಂದು ಗೆರೆ ಎಳೆದರೆ ಆ ಗೆರೆಗೆ ಎಣ್ಣೆಯಾಗಲಿ ನೀರಾಗಲಿ ಹರಿದು ಬರಬಾರದು. ಹಾಗಾದರೆ ಸರಿ. ಅಗಲವಾದ ತಟ್ಟೆಗೆ ಹರಡಿ, ಬಿಸಿ ಆರಿದೊಡನೆ ಫ್ರಿಜ್ಜಿಗಿಡಿ. ಮುಟ್ಟಿದರೆ ತಣ್ಣಗನ್ನಿಸಬೇಕು. ಬಿಸಿ ಕೈಮಾ ತುಂಬಿದರೆ ಹಿಟ್ಟಿನೊಳಗಿನ ಕೊಬ್ಬು ಓವನ್ನಿಗೆ ಹೋಗುವ ಮೊದಲೇ ಕರಗಿ, ಅಡಿ ಮೆತ್ತಗಾಗಿ, ಉಂಡೆ ಟ್ರೇ ಮೇಲೆ ಕೂತುಬಿಡುತ್ತದೆ. ಕೈಮಾ ಹಿಂದಿನ ದಿನವೇ ಮಾಡಿಟ್ಟರೆ ಎಲ್ಲಕ್ಕಿಂತ ಉತ್ತಮ. ಮಸಾಲೆಯೂ ಹಿಡಿಯುತ್ತದೆ.

ಕೈಮಾ ಒಣಗಿರಬೇಕು ಅನ್ನುವ ನನ್ನ ಹಟಕ್ಕೆ ನಮ್ಮ ವಾರ್ಡಿನ ಒಬ್ಬರು ಹಿರಿಯ ನರ್ಸ್ ಕಾರಣ. ಅವರು ಪಾಟ್‌ಲಕ್‌ಗೆ ಬೀರಾಕ್ ತರುತ್ತಾರೆ. ಬೀರಾಕ್ ಅಂದರೆ ಬೀಫು, ಎಲೆಕೋಸು, ಈರುಳ್ಳಿ ತುಂಬಿದ ಯೀಸ್ಟ್ ಬನ್ನು. ಮಸಾಲೆ ಅಂದರೆ ಉಪ್ಪು, ಕಾಳುಮೆಣಸು, ಅಷ್ಟೇ. ಪಕ್ಕದ ನೆಬ್ರಾಸ್ಕಾದಲ್ಲಿ ಇದನ್ನೇ ಉದ್ದಕ್ಕೆ ಮಾಡಿ ರನ್ಜಾ ಅನ್ನುತ್ತಾರೆ, ಅದೇ ಹೆಸರಿನ ಹೋಟೆಲುಗಳು 1949ರಿಂದ ಇವೆ. ಎಷ್ಟು ಕೋಸು ಹಾಕಿದರೂ ಇವರ ಬೀರಾಕಿನ ಅಡಿ ಒದ್ದೆಯಾಗುವುದೇ ಇಲ್ಲ. ಹೇಗೆ ಅಂತ ಕೇಳಿದೆ. "ಅಜ್ಜಿ ಹೇಳ್ತಿದ್ರು, ಬಾಣಲೆ ನಿನ್ನ ಜೊತೆ ಜಗಳ ಶುರು ಮಾಡೋವರೆಗೆ ಹುರಿ ಅಂತ" ಅಂದರು. ಕೈಮಾ ಇನ್ನೇನು ಅಡಿ ಹಿಡಿಯುತ್ತದೆ ಅನ್ನುವಷ್ಟು ಅಂತ ಅರ್ಥ.

ಅವರ ಅಜ್ಜಿ ಪಶ್ಚಿಮ ಕ್ಯಾನ್ಸಸ್ಸಿನ ಎಲ್ಲಿಸ್ ಕೌಂಟಿಯವರು. ಜರ್ಮನ್ ಮಾತಾಡುವ, ಆದರೆ ರಷ್ಯಾದ ವೋಲ್ಗಾ ನದಿಯ ದಂಡೆಯಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದ ಕುಟುಂಬಗಳು 1876ರಲ್ಲಿ ಇಲ್ಲಿಗೆ ಬಂದವು. ಅವರ ಜೊತೆ ಬಂದ ತಿಂಡಿ ಇದು. ಹೊಲದಲ್ಲಿ ಕೆಲಸ ಮಾಡುವವರು ಜೇಬಿನಲ್ಲಿಟ್ಟುಕೊಂಡು ಹೋಗಿ ತಿನ್ನಬಹುದಾದ ಊಟ. ಆ ಜನ ಕಟ್ಟಿದ ಇಗರ್ಜಿ, ಅಂದರೆ ಚರ್ಚು, ನೋಡಿ ಬನ್ನಿ ಅಂತ ಆ ನರ್ಸ್ ಹೇಳುತ್ತಲೇ ಇದ್ದರು. ಒಂದು ಬೇಸಿಗೆಯಲ್ಲಿ ಮನೆಯವರು, ಮಕ್ಕಳ ಜೊತೆ ಹೋದೆವು. ವಿಚಿಟಾದಿಂದ ಉತ್ತರಕ್ಕೆ ಸಲೈನಾ, ಅಲ್ಲಿಂದ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ. ಎರಡೂವರೆ, ಮೂರು ಗಂಟೆ ದಾರಿ. ಗಾಳಿಗಿರಣಿ, ಗೋಧಿ, ಆಕಾಶ, ಇಷ್ಟೇ. ವಿಕ್ಟೋರಿಯಾ ಅನ್ನುವ ಪುಟ್ಟ ಊರು ಹತ್ತಿರ ಬರುತ್ತಿದ್ದ ಹಾಗೆ ಬಯಲಿನ ನಡುವೆ ಎರಡು ಗೋಪುರ ಎದ್ದು ನಿಲ್ಲುತ್ತವೆ.

ಅದು ಸೇಂಟ್ ಫಿಡೆಲಿಸ್ ಇಗರ್ಜಿ. 1908ರಲ್ಲಿ ಶುರು ಮಾಡಿ 1911ರಲ್ಲಿ ಮುಗಿಸಿದರು. ಆ ಭಾಗದಲ್ಲೇ ಸಿಗುವ ಸುಣ್ಣಕಲ್ಲು. 12 ವರ್ಷ ದಾಟಿದ ಪ್ರತಿಯೊಬ್ಬರೂ ವರ್ಷಕ್ಕೆ 45 ಡಾಲರ್ ಕೊಡಬೇಕು, ಜೊತೆಗೆ ಆರು ಗಾಡಿ ಕಲ್ಲು ತರಬೇಕು ಅಂತ ಕಟ್ಟಳೆ ಮಾಡಿಕೊಂಡಿದ್ದರಂತೆ. ದೊಡ್ಡ ಕುಟುಂಬದವರ ಪಾಡು ಯೋಚಿಸಿ! 2014ರಲ್ಲಿ ವ್ಯಾಟಿಕನ್ ಇದಕ್ಕೆ ಬೆಸಿಲಿಕಾ ಅನ್ನುವ ಗೌರವದ ಪಟ್ಟ ಕೊಟ್ಟಿತು. ಒಳಗೆ ಬೆಂಚಿನ ಮರ ಸವೆದು ನುಣುಪಾಗಿದೆ. ಒಂದು ಕಡೆ ಮೊಣಕಾಲೂರಿ ಕೂತಾಗ ನನಗೆ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯೇ ನೆನಪಾಯಿತು. ಮಕ್ಕಳಿಗೆ ಮಾತ್ರ ಹಸಿವಿನದ್ದೇ ನೆನಪು.

ಆ ಊರಿಗೆ ಇನ್ನೊಂದು ಕಥೆಯೂ ಇದೆ, ನಮ್ಮ ಕೈಮಾಕ್ಕೆ ಸೀದಾ ಸಂಬಂಧಪಟ್ಟದ್ದು. ಜರ್ಮನರು ಬರುವ ಮೊದಲೇ, 1873ರಲ್ಲಿ, ಜಾರ್ಜ್ ಗ್ರಾಂಟ್ ಅನ್ನುವ ಸ್ಕಾಟ್ಲೆಂಡಿನ ಶ್ರೀಮಂತ ಅಲ್ಲಿ ಜಮೀನು ಕೊಂಡು ಬ್ರಿಟಿಷರ ವಸಾಹತು ಕಟ್ಟಲು ಹೊರಟಿದ್ದ. ರಾಣಿಯ ಹೆಸರನ್ನೇ ಊರಿಗಿಟ್ಟ. ಬರುವಾಗ ಸ್ಕಾಟ್ಲೆಂಡಿನಿಂದ ನಾಲ್ಕು ಆಂಗಸ್ ಗೂಳಿ ತಂದ. ಕಪ್ಪು ಬಣ್ಣ, ಕೊಂಬಿಲ್ಲ. ಉದ್ದ ಕೊಂಬಿನ ಟೆಕ್ಸಸ್ ದನ ನೋಡಿ ಅಭ್ಯಾಸವಿದ್ದ ಇಲ್ಲಿನ ಜನ ಇದೇನು ವಿಚಿತ್ರ ಅಂದುಕೊಂಡರು. ಅಮೆರಿಕದ ನೆಲಕ್ಕೆ ಬಂದ ಮೊದಲ ಆಂಗಸ್ ಅವೇ. ಗ್ರಾಂಟನ ವಸಾಹತು ನಿಲ್ಲಲಿಲ್ಲ. ಅವನು ಸತ್ತ ಮೇಲೆ ಬ್ರಿಟಿಷರು ಗಂಟುಮೂಟೆ ಕಟ್ಟಿದರು, ಬೀರಾಕ್ ತಿನ್ನುವವರು ಉಳಿದರು. ಗೂಳಿಗಳ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ, ಇವತ್ತು ಅಂಗಡಿಯಲ್ಲಿ ಕೈ ಹಾಕಿದ ಕಡೆಯೆಲ್ಲ ಆಂಗಸ್ ಅನ್ನುವ ಚೀಟಿ. ಅಂದಹಾಗೆ, ಕೈಮಾಕ್ಕೆ ಆ ಚೀಟಿಯ ಹೆಚ್ಚುವರಿ ದುಡ್ಡು ಕೊಡಬೇಡಿ. ಸ್ಟೇಕ್‌ಗಾದರೆ ಸರಿ. ಬಾಫಾತ್ ಬಿದ್ದ ಮೇಲೆ ಯಾವ ಗೂಳಿಯ ವಂಶವೋ ಯಾರಿಗೆ ಗೊತ್ತಾಗುತ್ತದೆ?

ಚೀಸಿಗೆ ಬರೋಣ. ತುರಿದು ಪ್ಯಾಕೆಟ್ಟಿನಲ್ಲಿ ಮಾರುವ ಚೀಸನ್ನು ಇದಕ್ಕೆ ತರಬೇಡಿ. ಎಳೆ ಎಳೆ ಅಂಟಿಕೊಳ್ಳದ ಹಾಗೆ ಅದಕ್ಕೆ ಆಲೂಗಡ್ಡೆ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಉದುರಿಸಿರುತ್ತಾರೆ. ಕರಗಿದಾಗ ಸ್ವಲ್ಪ ತರಿತರಿ. ಇಡೀ ಗಟ್ಟಿ ತಂದು ಚಾಕುವಿನಿಂದ ಅರ್ಧ ಇಂಚಿನ ತುಂಡು ಮಾಡಿ. 20 ಉಂಡೆಗೆ ನಾಲ್ಕೈದು ಔನ್ಸ್ ಸಾಕು. ಹಳೆಯದಾದ 'ಶಾರ್ಪ್' ಚೆಡ್ಡರಿಗೆ ರುಚಿ ಖಡಕ್, ಆದರೆ ಬಿಸಿಯಾದರೆ ಎಣ್ಣೆ ಬಿಡುತ್ತದೆ. ಎಳೆಯ ಮಾಂಟೆರಿ ಜ್ಯಾಕ್ ಸಪ್ಪೆ, ಆದರೆ ಚೆಂದಕ್ಕೆ ಕರಗುತ್ತದೆ. ಎರಡರ ಒಂದೊಂದು ಚಿಕ್ಕ ತುಂಡು ಇಟ್ಟರೆ ಎರಡೂ ಸಿಗುತ್ತವೆ. ಮೊಝರೆಲ್ಲಾ ನೂಲಿನಂತೆ ಎಳೆಯುತ್ತದೆ, ವಿಡಿಯೋ ಮಾಡುವವರಿಗೆ ಬೇಕು. ಖಾರದ ಬೀಫಿನ ಎದುರು ಅದರ ರುಚಿ ಎಲ್ಲಿಗೂ ಸಾಲದು.

ತುಂಬುವುದು ಹೀಗೆ. ಓವನ್ನನ್ನು 375 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 190 ಸೆಲ್ಸಿಯಸ್‌ಗೆ ಇಡಿ. ಒಂದು ಡಬ್ಬಿ ಮಾತ್ರ ಬಿಚ್ಚಿ, ಇನ್ನೊಂದು ಫ್ರಿಜ್ಜಿನಲ್ಲೇ ಇರಲಿ. ಬಿಲ್ಲೆಯನ್ನು ಬೆರಳಿನಿಂದ ಒತ್ತಿ ಮೂರು ಇಂಚು ಅಗಲ ಮಾಡಿ. ನಡುಭಾಗ ದಪ್ಪ, ಅಂಚು ತೆಳು. ಲಟ್ಟಣಿಗೆ ಬೇಡ, ಎಲ್ಲ ಕಡೆ ಒಂದೇ ತೆಳ್ಳಗಾಗಿ ಅಡಿ ಒಡೆಯುತ್ತದೆ. ಒಂದು ದೊಡ್ಡ ಚಮಚ ಕೈಮಾ ಇಟ್ಟು, ಅದರ ನಡುವೆ ಗುಳಿ ಮಾಡಿ ಚೀಸ್ ಕೂರಿಸಿ. ಚೀಸು ಹಿಟ್ಟಿಗೆ ತಾಗಬಾರದು, ಸುತ್ತ ಕೈಮಾ ಇರಬೇಕು. ಅಂಚನ್ನು ಮೇಲೆತ್ತಿ ಒಂದೊಂದೇ ನೆರಿಗೆ ಸೇರಿಸಿ ಚಿವುಟಿ. ಅಂಚಿಗೆ ಒಂದು ಹನಿ ಜಿಡ್ಡು ತಾಗಿದರೂ ಅಲ್ಲಿ ಅಂಟುವುದಿಲ್ಲ. ಕ್ರಿಸ್‌ಮಸ್ಸಿಗೆ ಅಮ್ಮ ನೆವ್ರಿ ಅನ್ನುವ ಸಿಹಿ ಕರ್ಜಿಕಾಯಿ ಕರಿಯುವಾಗ ಇದೇ ಭಯ, ಒಂದರ ಬಾಯಿ ಬಿಟ್ಟರೆ ಬಾಣಲೆಯ ಎಣ್ಣೆಯೆಲ್ಲ ಎಳ್ಳು ಬೆಲ್ಲ ಅಂತ ನಮ್ಮನ್ನು ಬೈಯುತ್ತಿದ್ದಳು. ಹಾಗಾಗಿ ಒಂದು ಕೈ ಕೈಮಾಕ್ಕೆ, ಇನ್ನೊಂದು ಕೈ ಹಿಟ್ಟಿಗೆ. ಮಗಳು ಹಿಟ್ಟು ಒತ್ತುತ್ತಾಳೆ, ನಾನು ತುಂಬುತ್ತೇನೆ. ಹೀಗೆ ಪಾಲು ಮಾಡಿಕೊಂಡರೆ ಬೇಗ ಮುಗಿಯುತ್ತದೆ.

ಚಿವುಟಿದ ಬಾಯಿ ಕೆಳಗೆ ಮಾಡಿ, ಪಾರ್ಚ್‌ಮೆಂಟ್ ಪೇಪರ್ ಹಾಕಿದ ಟ್ರೇ ಮೇಲೆ ಎರಡು ಬೆರಳು ದೂರ ದೂರ ಇಡಿ. ಮೇಲೆ ಹೊಡೆದ ಮೊಟ್ಟೆ ತೆಳ್ಳಗೆ ಸವರಿ, ಬಿಳಿ ಎಳ್ಳು ಉದುರಿಸಿ. 13ರಿಂದ 15 ನಿಮಿಷ. ಕಪ್ಪು ಟ್ರೇ ಆದರೆ ಅಡಿ ಬೇಗ ಕೆಂಪಾಗುತ್ತದೆ, 12 ನಿಮಿಷಕ್ಕೇ ಒಂದನ್ನು ಎತ್ತಿ ನೋಡಿ. ಬೆಳ್ಳುಳ್ಳಿ ಬೆಣ್ಣೆ ಸವರುವವರು ಓವನ್ನಿಂದ ತೆಗೆದ ಮೇಲೆ ಸವರಿ, ಮೊದಲೇ ಹಾಕಿದರೆ ಬೆಳ್ಳುಳ್ಳಿ ಕರಕಲಾಗಿ ಕಹಿ ಬರುತ್ತದೆ. ಒಂದೆರಡು ಉಂಡೆಯ ಬಾಯಿ ಬಿಟ್ಟು ಚೀಸು ಟ್ರೇ ಮೇಲೆ ಹರಿದು ಗರಿಗರಿ ಬಲೆಯಂತೆ ಆಗುವುದು ಇದ್ದದ್ದೇ. ಆ ಬಲೆ ನಮ್ಮ ಮನೆಯಲ್ಲಿ ಮಾಡಿದವಳಿಗೆ ಸೇರಬೇಕಾದ ಪಾಲು.

ತೆಗೆದ ಕೂಡಲೇ ಬಾಯಿಗೆ ಹಾಕಬೇಡಿ. ಹೊರಗೆ ಆರಿದ ಹಾಗೆ ಕಾಣುತ್ತದೆ, ಒಳಗಿನ ಚೀಸು ಅಂಗುಳನ್ನು ಸುಟ್ಟು ಬಿಡುತ್ತದೆ. ಐದು ನಿಮಿಷ ತಾಳಿ.

ಕಳೆದ ಕ್ರಿಸ್‌ಮಸ್ ಸಮಯದಲ್ಲಿ ವಿಡಿಯೋ ಕಾಲ್‌ನಲ್ಲಿ ಇದನ್ನು ನೋಡಿದ ಅಕ್ಕ, "ನಮ್ಗೆ ಆ ಡಬ್ಬಿ ಎಲ್ಲಿ ಸಿಗ್ಬೇಕು ಮಾರಾಯ್ತಿ, ಇಲ್ಲಿ ಮಾಡುವ ದಾರಿ ಹೇಳು" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. 250 ಗ್ರಾಂ ಮೈದಾ, ಎರಡೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಸೋಡಾ, ಅರ್ಧ ಟೀ ಚಮಚ ಉಪ್ಪು. ಫ್ರಿಜ್ಜಿನಿಂದ ಆಗಷ್ಟೇ ತೆಗೆದ 60 ಗ್ರಾಂ ಬೆಣ್ಣೆಯನ್ನು ತುರಿಮಣೆಯಲ್ಲಿ ತುರಿದು ಬೆರಳ ತುದಿಯಿಂದ ಉದುರಿಸಿ. ಮಂಗಳೂರಿನ ಸೆಖೆಗೆ ಬೆಣ್ಣೆ ಕೈಯಲ್ಲೇ ಕರಗುತ್ತದೆ, ಅದಕ್ಕೆ ಮೈದಾ ಪಾತ್ರೆಯನ್ನೂ ಮೊದಲೇ ತಣ್ಣಗಿಟ್ಟಿರಬೇಕು. ಸುಮಾರು 150 ಎಂಎಲ್ ದಪ್ಪ ಮಜ್ಜಿಗೆ ಹಾಕಿ ಒಟ್ಟುಗೂಡಿಸಿದರೆ ಸಾಕು, ಚಪಾತಿ ಹಿಟ್ಟಿನ ಹಾಗೆ ನಾದಬಾರದು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ಬಿಲ್ಲೆ ಮಾಡಿ.

ಮಾಂಸದ ಲೆಕ್ಕ ಅಲ್ಲಿ ಬೇರೆ. 2021ರಿಂದ ಕರ್ನಾಟಕದಲ್ಲಿ ಕಾನೂನಿನ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣದ ಮಾಂಸ ಮಾತ್ರ. ಅದರಲ್ಲಿ ಕೊಬ್ಬು ಕಡಿಮೆ, ನಾರು ಗಟ್ಟಿ. ಸೀದಾ ಹುರಿದರೆ ರಬ್ಬರು. ಅಕ್ಕ ತುಂಡುಗಳನ್ನೇ ತಂದು, ಶುಂಠಿ ಬೆಳ್ಳುಳ್ಳಿ ವಿನೆಗರ್ ಹಾಕಿ ಕುಕ್ಕರಿನಲ್ಲಿ ಬೇಯಿಸಿ, ಆಮೇಲೆ ಕೈಯಿಂದ ಎಳೆ ಎಳೆಯಾಗಿ ಬಿಡಿಸಿ, ಎರಡು ಚಮಚ ಎಣ್ಣೆಯಲ್ಲಿ ಬಾಫಾತ್ ಜೊತೆ ಒಣಗಿಸಿದಳು. ಚೀಸಿಗೆ ಅಮುಲ್ ಕ್ಯೂಬ್. ನಾನು ಮೂಗು ಮುರಿದೆ, ಆದರೆ ಆ ಸಂಸ್ಕರಿಸಿದ ಚೀಸಿನಲ್ಲಿ ಎಣ್ಣೆ ಬೇರ್ಪಡದಂತೆ ಹಿಡಿದಿಡುವ ಲವಣಗಳಿರುತ್ತವೆ. ಚೆಡ್ಡರಿನಂತೆ ಹರಿಯಲಿಲ್ಲ, ಸೋರಲೂ ಇಲ್ಲ. ಅವಳ ಓವನ್ನಿನಿಂದ ಬಂದ ಉಂಡೆಗಳ ಅಡಿ ನನ್ನವಕ್ಕಿಂತ ಒಣಗಿತ್ತು. ಬಿಡಿಸಿದ ಮಾಂಸದ ಉಪಾಯ ಕೇಳಿ ಈಗ ನಾನೂ ಉಳಿದ ಪಾಟ್ ರೋಸ್ಟ್, ಅಂದರೆ ನಿಧಾನವಾಗಿ ಬೇಯಿಸಿದ ದೊಡ್ಡ ಮಾಂಸದ ತುಂಡು, ಹೀಗೆ ಖರ್ಚು ಮಾಡುತ್ತೇನೆ.

ಪಾಟ್‌ಲಕ್‌ಗೆ ಒಯ್ಯುವವರಿಗೆ ನರ್ಸಾಗಿ ಒಂದು ಮಾತು. ಮಾಂಸ, ಚೀಸು ಇರುವ ತಿಂಡಿ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. ಹಾಗಂತ ಬಿಸಿಯಾಗಿರಲಿ ಅಂತ ಮುಚ್ಚಳದ ಪಾತ್ರೆಗೂ ತುಂಬಬೇಡಿ, ಆವಿಗೆ ಬೆವರಿ ಮುದ್ದೆಯಾಗುತ್ತವೆ. ಕಾಗದ ಹಾಸಿದ ಅಗಲ ಟ್ರೇಯಲ್ಲಿ ಒಯ್ದು, ಅಲ್ಲಿ ಓವನ್ ಇದ್ದರೆ ಬಿಸಿ ಮಾಡಿ. ಫ್ರೀಜ್ ಮಾಡುವುದಾದರೆ ಬೇಯಿಸಿ, ಪೂರ್ತಿ ಆರಿಸಿ, ಒಂದಕ್ಕೊಂದು ತಾಗದಂತೆ ಟ್ರೇಯಲ್ಲಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ಹಾಕಿ. ತಿರುಗಿ ಬಿಸಿ ಮಾಡಲು 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹತ್ತು ಹನ್ನೆರಡು ನಿಮಿಷ. ಏರ್ ಫ್ರೈಯರ್ ಇದ್ದರೆ ಇನ್ನೂ ಬೇಗ. ಮೈಕ್ರೋವೇವ್ ಬೇಡ, ಹಿಟ್ಟು ಜಗಿದಷ್ಟೂ ಮುಗಿಯುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನಮ್ಮ ಮನೆಯವರು ಮಾತ್ರ ರಾತ್ರಿ ಫ್ರಿಜ್ ಬಾಗಿಲು ತೆರೆದಿಟ್ಟುಕೊಂಡು, ತಣ್ಣಗಿದ್ದದ್ದನ್ನೇ, ಉಪ್ಪಿನಕಾಯಿ ನೆಂಚಿಕೊಂಡು ತಿನ್ನುತ್ತಾರೆ. ಅದೂ ಚೆನ್ನಾಗಿರುತ್ತದಂತೆ. ನಾನು ನೋಡಿದರೂ ನೋಡದ ಹಾಗೆ ಇರುತ್ತೇನೆ.